ಬಟ್ಟೆ ಹಗ್ಗದ ಮೇಲೆ ಒಂದು ಬ್ರ್ಯಾಂಡ್

ಬೆಳಗಿನ ಆರು ಗಂಟೆ. ಸಕಲೇಶಪುರದ ಬಳಿಯ ಆನೇಮಹಲ್‌ನ ಖಾಲಿ ಕಾಫಿ ಗೋದಾಮಿನೊಳಗೆ ಮಂಜುಶ್ರೀ ಸ್ಟೂಲ್ ಹತ್ತಿ, ಗೋಡೆಯಿಂದ ಗೋಡೆಗೆ ಬಟ್ಟೆ ಒಣಗಿಸುವ ಹಗ್ಗ ಬಿಗಿಯುತ್ತಿದ್ದಾರೆ. ಹಗ್ಗದ ತುಂಬ ಕ್ಲಿಪ್ಪುಗಳು. ಬಟ್ಟೆ ಮಾತ್ರ ಎಲ್ಲೂ ಇಲ್ಲ.

"ಬೆಂಗ್ಳೂರಲ್ಲಿ ಯೋಚ್ನೆ ಬರ್ದ ಬಣ್ಣದ ಅಂಟುಚೀಟಿ ಗೋಡೆಗೆ ಹಚ್ತಾರೆ. ಇಲ್ಲಿ ಗೋಡೆ ಥಂಡಿ ಕಣ್ರೀ, ಅಂಟಲ್ಲ. ಮೊದಲ್ನೇ ಸಲ ಕಾಫಿ ಕುಡ್ದು ಬರೋದ್ರೊಳಗೆ ಎಲ್ಲಾರ ಯೋಚ್ನೆನೂ ನೆಲಕ್ಕೆ ಬಿದ್ದೋಗ್ಬುಟ್ಟಿತ್ತು," ಎಂದು ನಗುತ್ತಾರೆ.

ಆಲೂರಿನ ಮಂಜುಶ್ರೀ ಮಾಡುವ ಕೆಲಸ ಏನೆಂದು ಊರಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಸುತ್ತಲಿನ ಬೆಟ್ಟಗಳಲ್ಲಿ ತಲೆಯೆತ್ತುವ ಪುಟ್ಟ ಸ್ಟಾರ್ಟಪ್‌ಗಳಿಗೆ ಅವರು ಡಿಸೈನ್ ಥಿಂಕಿಂಗ್ ಕಾರ್ಯಾಗಾರ ನಡೆಸುತ್ತಾರೆ. ಒಂದು ವಸ್ತುವನ್ನು ಮಾಡುವವರನ್ನೂ ಬಳಸುವವರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ, ಅದರ ಹೆಸರು, ಬಣ್ಣ, ಗುರುತು ಅವರ ಮಾತಿನಿಂದಲೇ ಮೂಡುವಂತೆ ನೋಡಿಕೊಳ್ಳುತ್ತಾರೆ. ಪೊಟ್ಟಣದ ಮೇಲೆ ಇವರ ಸುಳಿವೂ ಇರುವುದಿಲ್ಲ. ತಾಯಿ ಮಾರಮ್ಮನವರನ್ನು ಕೇಳಿದರೆ, "ಮೀಟಿಂಗ್ ಮಾಡ್ಸ್ತಾಳೆ" ಅನ್ನುತ್ತಾರೆ. ಮಂಜುಶ್ರೀ ಹಾಸನದ ಜಾಹೀರಾತು ಕಚೇರಿಯ ಕೆಲಸ ಬಿಟ್ಟ ಮೇಲೆ ವರ್ಷವಿಡೀ ಯಾರೂ ಕರೆಯಲಿಲ್ಲ. "ಹೆಸ್ರಿಡೋಕೆ ಒಂದು ದಿನ ಪೂರ್ತಿ ಬೇಕಾ ಅಂತ ನಗೋರು," ಎಂದು ಅವರು ನೆನೆಯುತ್ತಾರೆ. ಈಗ ತಿಂಗಳಿಗೆ ಎರಡು ಮೂರು ಕಡೆಯಿಂದ ಕರೆ ಬರುತ್ತದೆ.

ಇವತ್ತು ಹೆತ್ತೂರಿನ ಯೋಗೇಶ್ ಅವರ ಸರದಿ. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳವನ್ನು ತಡೆಯಲು ಅವರು ಮೊಣಕಾಲುದ್ದದ ಕಾಲುಚೀಲ ಹೊಲಿಸುತ್ತಾರೆ. ಸಂಜೆಯೊಳಗೆ ಲೇಬಲ್ ಮುದ್ರಣಕ್ಕೆ ಹೋಗದಿದ್ದರೆ ಮುಂಗಾರಿನ ವ್ಯಾಪಾರ ಕೈತಪ್ಪುತ್ತದೆ. ಹೊಲಿಯುವ ಹೆಂಗಸರಿಗೆ ಮುಂದಿನ ವರ್ಷದವರೆಗೆ ಕೆಲಸವಿಲ್ಲ. ಯೋಗೇಶ್ ಎರಡು ಬಗೆ ತಂದಿದ್ದಾರೆ: ಚಾರಣಿಗರಿಗೆ ಹಳದಿ ಪಟ್ಟಿಯ, ಇಂಗ್ಲಿಷ್ ಹೆಸರಿನ ಚೀಲ, ತೋಟದ ಕೆಲಸದವರಿಗೆ ಹೆಸರೇ ಇಲ್ಲದ ಕಂದು ಚೀಲ. ಬಟ್ಟೆ, ಬೆಲೆ ಎರಡಕ್ಕೂ ಒಂದೇ.

ಮೊದಲ ಒಂದು ಗಂಟೆ ಕಂಪನಿಯ ಯಜಮಾನ ಬಾಯಿ ಬಿಡುವಂತಿಲ್ಲ. ಇದು ಮಂಜುಶ್ರೀಯವರ ನಿಯಮ. ಎರಡೂ ಚೀಲಗಳನ್ನು ಹಗ್ಗಕ್ಕೆ ನೇತುಹಾಕಿ, ಇಷ್ಟವಾದದ್ದರ ಪಕ್ಕ ಚೀಟಿ ಸಿಕ್ಕಿಸಿ ಎನ್ನುತ್ತಾರೆ. ತೋಟದ ಕೆಲಸದ ಗಂಗಾಮಣಿ ಎರಡನ್ನೂ ತಿರುವಿ ನೋಡಿ ಹಳದಿ ಪಟ್ಟಿಯ ಪಕ್ಕ ಸಿಕ್ಕಿಸುತ್ತಾರೆ. ಅವರ ಜೊತೆ ತೋಟದಿಂದ ಬಂದ ಉಳಿದ ಹೆಂಗಸರೂ ಅಷ್ಟೆ. ಕಂದು ಚೀಲದ ಪಕ್ಕ ಹಗ್ಗ ಖಾಲಿ.

"ಅಕ್ಕ, ಅದು ಟ್ರೆಕ್ಕಿಂಗ್‌ನವ್ರಿಗೆ," ಯೋಗೇಶ್ ತಡೆಯಲಾರದೆ ಅಂದುಬಿಡುತ್ತಾರೆ.

"ನೀನು ಸುಮ್ನಿರ್ಬೇಕು ಅಂತ ಮೇಡಂ ಹೇಳಿಲ್ವೇನೋ?" ಗಂಗಾಮಣಿ ಗದರುತ್ತಾರೆ. "ಅವ್ರಿಗೊಂದು ಬಣ್ಣ, ನಮ್ಗೊಂದು ಬಣ್ಣ ಯಾಕೆ ಮಾರಾಯ? ಕಚ್ಚೋ ಇಂಬಳ ಬೇರೆನಾ?"

"ಕೊಳೆ ಕಾಣ್ದೇ ಇರ್ಲಿ ಅಂತ..."

"ಕೊಳೆ ನಾವು ತೊಳ್ಕೋತೀವಿ."

ಜಮಖಾನದ ಮೇಲೆ ನಗು ಹಬ್ಬುತ್ತದೆ. ಯೋಗೇಶ್ ಮಾತ್ರ ನಗುವುದಿಲ್ಲ. ಮಂಜುಶ್ರೀ ಕಂದು ಚೀಲವನ್ನು ಹಗ್ಗದಿಂದ ಇಳಿಸಿ ಅವರ ಕೈಗಿಡುತ್ತಾರೆ. "ಇಟ್ಕೊಳ್ಳೋದೋ ಬಿಡೋದೋ, ಈಗ ನೀವು ಹೇಳಿ."

ಯೋಗೇಶ್ ಅದನ್ನು ಮಡಚಿ ತಮ್ಮ ಬ್ಯಾಗಿಗೆ ಸೇರಿಸುತ್ತಾರೆ. ಹೆಸರಿನ ಚರ್ಚೆ ಮಧ್ಯಾಹ್ನದ ಊಟ ದಾಟುತ್ತದೆ. "ಹೆಸ್ರು ಏನಾದ್ರೂ ಇಡಿ, ಬಣ್ಣ ಆ ಹಳ್ದಿನೇ ಇರ್ಲಿ," ಎನ್ನುತ್ತಾರೆ ಗಂಗಾಮಣಿ. ಕೊನೆಗೆ ಎಲ್ಲರಿಗೂ ಒಂದೇ ಚೀಲ, ಒಂದೇ ಹೆಸರು: ನಡಿಗೆ. ನಾಲ್ಕರ ಹೊತ್ತಿಗೆ ಲೇಬಲ್ ಸಕಲೇಶಪುರದ ಮುದ್ರಣಾಲಯ ಸೇರುತ್ತದೆ.

"ಇವ್ರು ಬಾಯಿ ಮುಚ್ಚಿಸ್ದೇ ಇದ್ದಿದ್ರೆ ನಮ್ಮೋರನ್ನ ನಾನೇ ಬೇರೆ ಮಾಡ್ಬುಡ್ತಿದ್ದೆ," ಎನ್ನುತ್ತಾರೆ ಯೋಗೇಶ್.

ಮಂಜುಶ್ರೀ ಕ್ಲಿಪ್ಪು ಬಿಡಿಸುತ್ತಾ ಇಲ್ಲವೆಂಬಂತೆ ತಲೆಯಾಡಿಸುತ್ತಾರೆ. "ನಾನು ಹಗ್ಗ ಕಟ್ದೆ, ಅಷ್ಟೆ. ಕೆಲಸ ಬುಟ್ಟು ಬಂದು ಮನ್ಸಲ್ಲಿರೋದ್ನ ಹೇಳಿದ್ರಲ್ಲ ಈ ಅಕ್ಕಂದ್ರು, ಅವ್ರ ಋಣ ದೊಡ್ಡದೈತೆ. ಈ ಮಳೆಗಾಲ್ದಲ್ಲಿ ಹೆತ್ತೂರು ಬಸ್ಸಿನ ಕಿಟಕೀಲಿ ಕೂತು ನೋಡ್ಬೇಕು. ಕಾಲಷ್ಟೇ ನೋಡಿದ್ರೆ ತೋಟಕ್ಕೆ ಹೋಗೋರು ಯಾರು, ಬೆಟ್ಟ ಹತ್ತೋಕೆ ಬಂದೋರು ಯಾರು ಅಂತ ಗೊತ್ತಾಗ್ಬಾರ್ದು. ಅಷ್ಟಾದ್ರೆ ಸಾಕು."