ಸರ್ವರ್ ಬೇಗಂ ಬರೆದ ಬಯಲು

ಮಳವಳ್ಳಿಯ ಸರ್ವರ್ ಬೇಗಂಗೆ ಕಂಡದ್ದನ್ನೆಲ್ಲ ಕೆದಕಿ ಕೇಳುವ ಚಾಳಿ. ಗಂಡ ತೀರಿಕೊಂಡ ಮೇಲೆ ಜಟಕಾ ಗಾಡಿಗಳ ಕಮಾನಿಗೆ ಬಟ್ಟೆ ಹೊಲಿಯುವ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ೧೯೩೮ರ ಚಳಿಗಾಲದಲ್ಲಿ ಒಬ್ಬ ಬಿಳಿಯ ಬಂದು ದಪ್ಪನೆಯ ಕ್ಯಾನ್ವಾಸ್ ಬಟ್ಟೆ ಕೇಳಿದ.

“ಯಾತಕ್ಕೆ ಸ್ವಾಮಿ?”

“ಬಯಲು ಬರಿಯೋದಕ್ಕೆ.”

ಅವನು ಇಟಲಿಯ ಚಿತ್ರಕಾರ ಬ್ರೆಂತಾ. ಬೊಂಬಾಯಿಯಲ್ಲಿ ನಾಟಕದ ಪರದೆ, ಮೈಸೂರಿನಲ್ಲಿ ಶ್ರೀಮಂತರ ಗೋಡೆ ಅಂತ ಹೊಟ್ಟೆಪಾಡಿಗೆ ವರ್ಷಗಟ್ಟಲೆ ಬರೆದು, ಮುರುಕು ಕನ್ನಡ ಕಲಿತು, ಈಗ ತನ್ನಿಷ್ಟದ್ದನ್ನು ಬರೆಯಲು ಹತ್ತಿರದ ಬೆಳಕವಾಡಿಯಲ್ಲಿ ಕೋಣೆ ಹಿಡಿದಿದ್ದ. ಬೇಗಂಗೆ ಕುತೂಹಲ ತಡೆಯಲಿಲ್ಲ. ಗಾಡಿಯ ಮಾದಯ್ಯನನ್ನು ಹೊರಡಿಸಿಕೊಂಡು ಹೋಗಿ ಚಿತ್ರ ನೋಡಿದಳು. ಗದ್ದೆಯೆಲ್ಲ ನೀಲಿ!

“ದೊರೆಗೆ ಕಣ್ಣು ಮಂಜು ಕಣಮ್ಮ,” ಅಂದ ಮಾದಯ್ಯ.

ಬ್ರೆಂತಾ ನಕ್ಕ. “ಬೆಳಗಿನ ಜಾವ ಬನ್ನಿ.”

ಮುಂದಿನ ವಾರ ಮೂಡಲಲ್ಲಿ ಬೆಳಕಾಗುವ ಹೊತ್ತಿಗೆ ಬೇಗಂ ನಾಲೆ ಏರಿಯ ಮೇಲೆ ನಿಂತಿದ್ದಳು. ಇಬ್ಬನಿ ಹೊದ್ದ ಪೈರು ನಿಜಕ್ಕೂ ನೀಲಿಯಾಗಿತ್ತು. ಬಿಸಿಲು ತಾಕಿದ್ದೇ ಹಸಿರಾಯಿತು. ಹುಟ್ಟಿದಾಗಿನಿಂದ ನೋಡಿದ ಸೀಮೆ ಇದೇನಾ ಅಂತ ಅವಳು ಬೆರಗಾದಳು. ಆಮೇಲೆ ಬಟ್ಟೆ ಕೊಡುವ ನೆಪದಲ್ಲಿ ಹೋಗಿ ಬಣ್ಣ ಬೆರೆಸುವುದನ್ನೂ ಕಲಿತಳು.

೧೯೪೦ರಲ್ಲಿ ಇಟಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕಿಳಿಯಿತು. ಬ್ರೆಂತಾನ ಕೋಣೆಗೆ ಪೊಲೀಸರು ಬಂದಾಗ ಬೇಗಂ ಅಲ್ಲೇ ಇದ್ದಳು. ಶಿವನಸಮುದ್ರದ ಜಲಪಾತದ ಚಿತ್ರ ಎತ್ತಿ ಹಿಡಿದು ಇನ್ಸ್‌ಪೆಕ್ಟರ್ ಗದರಿದ: “ವಿದ್ಯುತ್ ಕಾರ್ಖಾನೆಯ ಗುಟ್ಟು ಶತ್ರುಗಳಿಗೆ ಕಳಿಸ್ತಿದ್ದೀಯಾ?”

ಬೇಗಂ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. “ಸರಿಯಾಗಿ ನೋಡಿ ಸ್ವಾಮಿ. ಕಾರ್ಖಾನೆ ಎಲ್ಲೈತೆ? ಅಂದ ಕೆಡ್ತದೆ ಅಂತ ಕರೆಂಟು ಕಂಬಾನೂ ಬುಟ್ಬುಟ್ಟವ್ನೆ. ಇಂಥ ಗೂಢಚಾರ ಯಾರಿಗೆ ಬೇಕು?”

ಇನ್ಸ್‌ಪೆಕ್ಟರ್‌ಗೂ ನಗು ಬಂತು. ಗೂಢಚಾರಿಕೆಯ ಮಾತು ಅಲ್ಲಿಗೆ ಬಿದ್ದುಹೋಯಿತು. ಆದರೆ ಇಟಲಿಯವರನ್ನೆಲ್ಲ ಹಿಡಿಯಬೇಕೆಂದು ಹುಕುಂ ಆಗಿತ್ತು. ಬ್ರೆಂತಾನನ್ನು ಉತ್ತರ ಭಾರತದ ಬಂಧನ ಶಿಬಿರಕ್ಕೆ ಸಾಗಿಸಿದರು.

ಅವನಿಲ್ಲದ ವರ್ಷಗಳಲ್ಲಿ ಬೇಗಂ ಕೈಕಟ್ಟಿ ಕೂರಲಿಲ್ಲ. ಜಟಕಾಗಳ ಪಕ್ಕದ ಹಲಗೆಗೆ ನವಿಲು, ಹೂವು ಬರೆಯುವುದು ವಾಡಿಕೆ. ಇವಳು ಕೆರೆ, ಗದ್ದೆ, ಬೆಳ್ಳೂರಿನ ಮರದ ತುಂಬ ಕೂತ ಕೊಕ್ಕರೆ ಬರೆದಳು. ಮೊದಮೊದಲು ನಕ್ಕ ಗಾಡಿಯವರೇ ಮದ್ದೂರಿನಿಂದ ಹುಡುಕಿಕೊಂಡು ಬಂದರು.

೧೯೪೬ರಲ್ಲಿ ಬಿಡುಗಡೆಯಾದ ಬ್ರೆಂತಾ ತನ್ನ ದೇಶಕ್ಕೆ ಹಡಗು ಹತ್ತುವ ಮುನ್ನ ಮಳವಳ್ಳಿಗೆ ಬಂದ. ತಲೆ ಬೆಳ್ಳಗಾಗಿತ್ತು. ಗಾಡಿ ಅಡ್ಡೆಯಲ್ಲಿ ಮಾದಯ್ಯನ ಜಟಕಾ ಕಂಡು ನಿಂತೇಬಿಟ್ಟ. ಹಲಗೆಯ ಮೇಲಿನ ಕೊಕ್ಕರೆಗಳನ್ನು ಬೆರಳಿಂದ ಮುಟ್ಟಿ ನೋಡಿದ.

“ಯಾರು ಬರೆದದ್ದು?”

“ನಾನೇ ಕಣಪ್ಪ. ಕೆಟ್ಟೋಗೈತಾ?” ಅವನು ಬಂದ ಸುದ್ದಿ ಕೇಳಿ ಓಡಿಬಂದಿದ್ದ ಬೇಗಂ ಅಳುಕುತ್ತ ಕೇಳಿದಳು.

“ನನಗೆ ಕೊಡು.”

“ನನ್ನ ಗಾಡಿ ಬೋಳಾಯ್ತದಲ್ಲಮ್ಮ!” ಮಾದಯ್ಯ ಬಾಯಿ ಬಡಿದುಕೊಂಡ.

“ಇನ್ನೊಂದು ಬರ್ಕೊಡ್ತೀನಿ ಬುಡು,” ಅಂದು ಬೇಗಂ ತಾನೇ ಮೊಳೆ ಕಿತ್ತಳು. ಬ್ರೆಂತಾ ಆ ಹಲಗೆಯನ್ನು ಕಂಕುಳಲ್ಲಿಟ್ಟುಕೊಂಡು ಮದ್ದೂರಿನ ರೈಲಿಗೆ ಹೊರಟ. ಬೇಗಂ ಅಂಗಡಿಗೆ ಮರಳಿ ಬಣ್ಣದ ಡಬ್ಬಿ ತೆರೆದಳು.