ಮಾತಾಡುವ ಸ್ಕ್ರೂ

ಗಾಳಿಯಲ್ಲೇ ತಣಿಯುವ ಇಂಜಿನ್ನಿನ ಹಳೇ ಕಾರಿಟ್ಟುಕೊಂಡವರಿಗೆಲ್ಲ ವಾಲ್ವಿನ ಟಿಕ್‌ಟಿಕ್ ಸದ್ದು ನಿಂತರೆ ಸಾಕು. ಬಿಡಿಭಾಗದ ಅಂಗಡಿಯವರು ‘ಟಿಕ್‌ಟಿಕ್ ಮಾವ’ ಎಂದು ಹೆಸರಿಟ್ಟಿರುವ ಈ ಮನುಷ್ಯನಿಗೆ ಮಾತ್ರ ಅದು ಜೋರಾಗಬೇಕು. ವಾಲ್ವಿನ ಸಂದು ಸರಿಮಾಡುವ ಸ್ಕ್ರೂಗಳನ್ನು ಮಾವ ಕಲ್ಲಂಗಡಿ ಆರಿಸುವವರ ಹಾಗೆ ಕಿವಿಗೆ ಹಿಡಿದು, ಉಗುರಿನಿಂದ ತಟ್ಟಿ ನೋಡುತ್ತಾರೆ. “ಯಜಮಾನ್ರೇ, ಈ ಹೊಸ ಸ್ಕ್ರೂ ತುದೀಲಿ ಪುಟ್ಟ ಗುಂಡು ಕೂತಿದೆ, ಅದು ಉರುಳತ್ತೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಸದ್ದೇ ಇಲ್ಲ” ಎಂದು ಅಂಗಡಿಯವನು ಹೊಗಳಿದರೆ, “ಬೆಣ್ಣೆ ನೀನೇ ತಿನ್ನಪ್ಪಾ, ನಂಗೆ ಮಾತಾಡೋ ಸ್ಕ್ರೂ ಕೊಡು” ಎಂದು ಸಿಡುಕುತ್ತಾರೆ. ಮೆಕ್ಯಾನಿಕ್ಕು ಅಳತೆಗೆ ಸರಿಯಾಗಿ ಬಿಗಿದದ್ದನ್ನು, ಅವನು ಅತ್ತ ತಿರುಗಿದ್ದೇ ತಡ, ಸದ್ದು ಹೆಚ್ಚಲೆಂದು ಚೂರು ಸಡಿಲಿಸಿಬಿಡುತ್ತಾರೆ. ಹಿಂದೆಲ್ಲ ಈ ಕಾರು ಬೀದಿಯ ತಿರುವಿಗೆ ಬಂದರೆ ಸಾಕು, ಅವರ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಓಡಿಬಂದು ಗೇಟು ತೆರೆಯುತ್ತಿದ್ದರು. ಈಗ ಆಕೆಯ ಕಿವಿ ಮಂದ. ಸ್ಕ್ರೂ ಬದಲಿಸಿದ ಪ್ರತಿ ಸಂಜೆಯೂ ಮಾವ ಇಂಜಿನ್ ಆರಿಸದೆ, ಹಾರ್ನು ಮುಟ್ಟದೆ, ಮುಚ್ಚಿದ ಗೇಟಿನ ಮುಂದೆ ಕಾಯುತ್ತಾರೆ. ಕಾದೂ ಕಾದೂ ತಾವೇ ಇಳಿದು ತೆರೆಯುತ್ತಾರೆ. “ಅಯ್ಯೋ, ಬಂದಿದ್ದು ಕೇಳಿಸ್ಲೇ ಇಲ್ವಲ್ರೀ” ಎಂದು ಆಕೆ ಮುಖ ಸಣ್ಣದು ಮಾಡಿಕೊಂಡರೆ, ಹತ್ತಿರ ಹೋಗಿ ಗಟ್ಟಿಯಾಗಿ ಹೇಳುತ್ತಾರೆ: “ನಿನ್ನ ಕಿವಿ ಚೆನ್ನಾಗೇ ಇದೆ ಕಣೇ, ಈ ಸ್ಕ್ರೂನೇ ಸರಿಯಿಲ್ಲ.”