ಎಡಗಾಲು ಲಾಕ್, ಬಲಗಾಲು ಸಾದಾ

ಸಿಂದಗಿಯಿಂದ ಕನ್ನೊಳ್ಳಿಗೆ ಹೋಗುವ ರಸ್ತೆಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೇವಿನ ಮರದಡಿ ಗೋಣಿತಟ್ಟು ಹಾಸಿಕೊಂಡು ಕೂತ ಶಂಕ್ರೆಪ್ಪನವರು ಒಂದು ಬೂಟನ್ನು ಮೊಣಕಾಲುಗಳ ನಡುವೆ ಹಿಡಿದು ಅದರ ತಳಕ್ಕೆ ಗಟ್ಟಿ ಪಟ್ಟಿಯೊಂದನ್ನು ಕೂರಿಸುತ್ತಿದ್ದಾರೆ. ರೇಸ್ ಸೈಕಲ್ಲಿನ ಪೆಡಲಿಗೆ ಬೂಟನ್ನು ಕಚ್ಚಿಸುವ ಪಟ್ಟಿ ಅದು. ಹುಡುಗರ ಬಾಯಲ್ಲಿ ಅಂಥ ಪೆಡಲಿಗೆ 'ಲಾಕ್ ಪೆಡಲ್' ಎಂದು ಹೆಸರು. ಒಮ್ಮೆ ಕಟಕ್ ಎಂದು ಕೂತರೆ ಕಾಲೂ ಪೆಡಲೂ ಒಂದೇ. ಹಿಮ್ಮಡಿಯನ್ನು ಹೊರಕ್ಕೆ ತಿರುವಿದರಷ್ಟೇ ಬಿಡುಗಡೆ.

ಚಪ್ಪಲಿ ಹೊಲಿಯುವುದನ್ನು ಶಂಕ್ರೆಪ್ಪ ಕಲಿತದ್ದು ಅಪ್ಪನಿಂದ. ಪ್ಲಾಸ್ಟಿಕ್ ಚಪ್ಪಲಿ ಬಂದ ಮೇಲೆ ಆ ಕೆಲಸ ಸೊರಗಿತು. ಆದರೆ ವಿಜಾಪುರದ ಸೀಮೆಗೆ ಸೈಕಲ್ ಹುಚ್ಚು ಹಳೆಯದು. ದೊಡ್ಡ ಸೈಕಲ್ ಓಟಗಾರರು ಹಾಕಿ ಬಿಟ್ಟ ಬೂಟುಗಳು ಇಲ್ಲಿನ ಮಕ್ಕಳ ಕೈಗೆ ಬರುತ್ತವೆ, ಯಾವಾಗಲೂ ಎರಡು ಬೆರಳು ದೊಡ್ಡದಾಗಿಯೇ. ಅವನ್ನು ಬಿಚ್ಚಿ, ಕೊಯ್ದು, ಆ ಕಾಲಿನ ಅಳತೆಗೆ ಹೊಲಿದು ಕೊಡುವವರು ಇವರು. "ಹೊಸಾ ಬೂಟು ಅವರಿಗೆ ಎಲ್ಲಿಂದ ಬರಬೇಕ್ರಿ" ಎನ್ನುತ್ತಾರೆ.

ಎರಡು ವರ್ಷದ ಹಿಂದೆ, ಎರಡು ಸಾವಿರದ ಮೂರರಲ್ಲಿ, ಕನ್ನೊಳ್ಳಿಯ ರೈತ ಬಸಂತರಾಯರ ಮಗಳು ಶೈಲಶ್ರೀಗೆ ಹೀಗೆಯೇ ಒಂದು ಜೋಡಿ ಮಾಡಿಕೊಟ್ಟರು. ಕಾಲೇಜು ಹುಡುಗಿ, ಗಾಳಿಯಂತೆ ತುಳಿಯುವವಳು. ಅದೇ ವಾರ ರಸ್ತೆಗೆ ಎಮ್ಮೆ ಅಡ್ಡ ಬಂತು. ಬ್ರೇಕ್ ಹಿಡಿದಳು, ಕಾಲು ಬಿಡಿಸಿಕೊಳ್ಳಲು ಆಗಲಿಲ್ಲ. ನಿಂತ ಸೈಕಲ್ಲಿನೊಂದಿಗೇ ಮಗ್ಗುಲಾಗಿ ಬಿದ್ದು ಭುಜದ ಎಲುಬು ಮುರಿದುಕೊಂಡಳು.

ಬಸಂತರಾಯರು ಬೂಟುಗಳನ್ನು ತಂದು ತಟ್ಟಿನ ಮೇಲಿಟ್ಟರು. "ನಿನ್ನ ತಪ್ಪಂತ ಅನ್ನೂದಿಲ್ಲೋ ಶಂಕ್ರೆಪ್ಪ. ಆದ್ರ ಇವು ನಮ್ಮ ಮನ್ಯಾಗ ಬ್ಯಾಡ. ಸೈಕಲ್ ಸುದ್ದೀನ ಬ್ಯಾಡ."

ಅವತ್ತು ಶಂಕ್ರೆಪ್ಪ ಊಟ ಮಾಡಲಿಲ್ಲ. "ಪಟ್ಟಿ ಕುಂದ್ರಿಸಿದಾಂವ ನಾನ. ಅದು ಹೆಂಗ ಬಿಡತೈತಿ ಅನ್ನೂದು ನನಗ ಗೊತ್ತಿದ್ದಿಲ್ರಿ" ಎನ್ನುವಾಗ ಇವತ್ತಿಗೂ ಅವರ ದನಿ ಇಳಿಯುತ್ತದೆ. ಸೈಕಲ್ ರಿಪೇರಿಯ ರಸೂಲಸಾಬರಿಂದ ಲಾಕ್ ಪೆಡಲಿನ ಸೈಕಲ್ಲೊಂದನ್ನು ಕೇಳಿ ತಂದರು. ತಮ್ಮದೇ ಹಳೆಯ ಬೂಟಿಗೆ ಪಟ್ಟಿ ಬಡಿದು, ಊರಾಚೆಯ ಬಯಲಿಗೆ ಹೋದರು. ಹಿಂದೆ ಸೀಟು ಹಿಡಿಯಲು ಹೆಂಡತಿ ಯಲ್ಲವ್ವ.

"ಈ ವಯಸ್ಸಿನ್ಯಾಗ ಇದೇನು ಹುಡುಗಾಟ ಹಚ್ಚೀರಿ ಅಂದೆ" ಎಂದು ಯಲ್ಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಗುತ್ತಾರೆ. "ಆದ್ರ ಸೀಟು ಬಿಡಲಿಲ್ರಿ. ಇಬ್ಬರೂ ಕೂಡೇ ಬಿದ್ವಿ."

ತರಚಿದ ಮೊಣಕೈಯಲ್ಲೇ ಶಂಕ್ರೆಪ್ಪ ಕನ್ನೊಳ್ಳಿಗೆ ಹೋಗಿ ಅಂಗಳದಲ್ಲಿ ನಿಂತರು. ತೋಳನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿಟ್ಟುಕೊಂಡು ಕೂತಿದ್ದ ಹುಡುಗಿಗೆ ಗಾಯ ತೋರಿಸಿದರು. "ನಾನೂ ಬಿದ್ದೆನವ್ವಾ."

ಬಿದ್ದ ಮೇಲೆ ಮೊದಲ ಸಲ ಶೈಲಶ್ರೀ ನಕ್ಕಳು. ಆಮೇಲೆ ಕೇಳಿದಳು: "ಕಾಕಾ, ಹಂಗಾರ ನಾ ಯಾವ ಪೆಡಲ್ ಹಾಕ್ಲಿ?"

"ಅದು ನಾ ಹೇಳೂದಲ್ಲ. ಲಾಕ್ ಹಾಕಿದ್ರ ಏರಿನ್ಯಾಗ ಜೋರ ಬರತೈತಿ. ಸಾದಾ ಪೆಡಲಿನ್ಯಾಗ ಬೇಕಂದಾಗ ಕಾಲು ನೆಲಕ್ಕ ಬರತೈತಿ. ಅಂಜಿಕಿ ಯಾಕಂತ ನನಗೀಗ ತಿಳದೈತಿ. ನಿನ್ನ ಕಾಲಿಗೆ ಏನ ಬೇಕು ಕೇಳು, ಅದನ್ನ ಮಾಡಿ ಕೊಡ್ತೇನಿ."

ಬಾಗಿಲಲ್ಲಿ ನಿಂತಿದ್ದ ಬಸಂತರಾಯರು ಒಳಗಿನಿಂದ ಕುರ್ಚಿ ತಂದು ಹಾಕಿ, "ಕುಂದ್ರು" ಎಂದರು. ಶಂಕ್ರೆಪ್ಪ ಆ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು.

ಭುಜ ಕೂಡಿದ ಮೇಲೆ ಹುಡುಗಿ ತಾನೇ ಬಂದಳು. ಎಡಗಾಲಿಗೆ ಲಾಕ್ ಇರಲಿ, ಬಲಗಾಲಿಗೆ ಸಾದಾ ಇರಲಿ, ನಿಲ್ಲುವಾಗ ಬಲಗಾಲು ಊರುತ್ತೇನೆ ಅಂದಳು. ಒಂದು ಬೂಟಿಗೆ ಪಟ್ಟಿ, ಇನ್ನೊಂದಕ್ಕೆ ಜಾರದ ರಬ್ಬರು ತಳ. ಅಂಥ ಜೋಡಿಯನ್ನು ಶಂಕ್ರೆಪ್ಪ ಅದುವರೆಗೆ ಮಾಡಿರಲಿಲ್ಲ. ಅದನ್ನು ಹಾಕಿಕೊಂಡೇ ಅವಳು ಕಳೆದ ವರ್ಷ ಜಿಲ್ಲಾ ಸೈಕಲ್ ಓಟದಲ್ಲಿ ಮೂರನೆಯವಳಾದಳು. ಎರಡೂ ಕಾಲು ಲಾಕ್ ಮಾಡು ಎಂದು ತರಬೇತುದಾರರು ಹೇಳುತ್ತಲೇ ಇದ್ದಾರೆ. ನೋಡ್ತೇನ್ರಿ ಎನ್ನುತ್ತಾಳಂತೆ.

ಓಟದ ಮರುದಿನ ಪತ್ರಿಕೆಯಲ್ಲಿ ಬಂದ ಅವಳ ಫೋಟೋವನ್ನು ಯಲ್ಲವ್ವ ಕತ್ತರಿಸಿ ಮನೆಯ ಗೋಡೆಗೆ ಅಂಟಿಸಿದ್ದಾರೆ. ಸೊಂಟದ ಮೇಲಿನ ಚಿತ್ರ ಅದು. ಬೂಟು ಬಂದಿಲ್ಲವೆಂದು ಅವರಿಗೆ ಬೇಸರ.

ಶಂಕ್ರೆಪ್ಪನವರಿಗೆ ಅದೇನಿಲ್ಲ. "ಬೂಟು ಬರಲಿಲ್ಲಂದ್ರ ಏನಾತ್ರಿ" ಎಂದು ಫೋಟೋದ ಮುಖದ ಮೇಲೆ ಬೆರಳಿಡುತ್ತಾರೆ. "ಆಕಿ ಮಾರಿ ನೋಡ್ರಿ, ಅಂಜಿಕಿ ಐತೇನು?"